ಸೊಸೈಟಿಯ ಕಡೆಗೊಂದು ಇಟಾಲಿಯನ್ ಹೊಟೆಲು

ನಮ್ಮ ಅಡಿಗೆಮನೆಯಲ್ಲಿ ಒಂದು ಮುಳ್ಳುಚಮಚವಿದೆ. ಅವ್ವ ಅದನ್ನು ವರ್ಷಕ್ಕೊಮ್ಮೆ, ನೆಲ್ಲಿಕಾಯಿ ಮೊರಂಬ ಹಾಕುವಾಗ ಮಾತ್ರ ಹೊರಗೆ ತೆಗೆಯುತ್ತಾಳೆ. ಕಾಯಿಗೆ ಸುತ್ತಲೂ ಚುಚ್ಚಿದರೆ ಪಾಕ ಒಳಗಿಳಿಯುತ್ತದೆ. ಸೂಜಿಯಿಂದ ಚುಚ್ಚಿದರೆ ಒಂದು ತೂತು, ಇದರಿಂದಾದರೆ ನಾಲ್ಕು. "ಲಡಾಯಿಗೆ ಹೋಗಿ ನಿಮ್ಮ ಕಾಕಾ ತಂದದ್ದರಾಗ ಇದೊಂದು ಉಪಯೋಗಕ್ಕ ಬಂತು ನೋಡು" ಎಂದು ಪ್ರತಿ ವರ್ಷ ಹೇಳುತ್ತಾಳೆ. ಈ ವರ್ಷವೂ ಹೇಳಿದಳು. ಚುಚ್ಚುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬುಟ್ಟಿ ತುಂಬ ನೆಲ್ಲಿಕಾಯಿ ಚುಚ್ಚುವವಳಿಗೆ ಹಳೆಯದನ್ನು ನೆನೆಯುವುದರ ಹೊರತು ಬೇರೆ ಮನರಂಜನೆ ಇಲ್ಲ.

ಕಾಕಾ ಎಂದರೆ ಅಪ್ಪನ ತಮ್ಮ, ದತ್ತೂ ಕಾಕಾ. ಲಡಾಯಿಯ ಕಾಲದಲ್ಲಿ ಫೌಜಿನ ಸಾಮಾನು ಕೋಠಿಯ ಕಾರಕೂನರಾಗಿ ಇಟಲಿಯವರೆಗೆ ಹೋಗಿ ಬಂದವರು. ಬಂದೂಕು ಹಿಡಿದವರಲ್ಲ, ಕಂಬಳಿ, ಬೂಟು, ಬಕೀಟುಗಳ ಉಸ್ತುವಾರಿ ಮಾಡಿದವರು. ತಿರುಗಿ ಬಂದ ಮೇಲೆ ಸೊಲ್ಲಾಪುರದ ಒಂದು ಗಿರಣಿಯ ಉಗ್ರಾಣದಲ್ಲಿ ಅದೇ ಕೆಲಸಕ್ಕೆ ಸೇರಿದರು. ಓಣಿಯವರೆಲ್ಲ ಕೂಡಿ ಲಡಾಯಿಯ ಕತೆ ಕೇಳಲು ಬಂದರೆ, ಕಾಕಾ ತೋಪಿನ ಮಾತು ಬಿಟ್ಟು ಊಟದ ಮಾತು ತೆಗೆಯುತ್ತಿದ್ದರು. ಓಣಿಯವರು ಬೇಸತ್ತು ಎದ್ದು ಹೋಗುತ್ತಿದ್ದರು. ನಾವು ಮನೆಯವರು, ಎಲ್ಲಿಗೆ ಹೋಗುವುದು?

ಗುಡ್ಡದ ಮೇಲಿನ ಒಂದು ಹಳ್ಳಿಯಲ್ಲಿ ಚಳಿಗಾಲ ಪೂರ್ತಿ ಅವರನ್ನು ಒಬ್ಬ ರೈತನ ಮನೆಯಲ್ಲಿ ಇಳಿಸಿದ್ದರಂತೆ. ಆ ಮನೆಯ ಮುದುಕಿ ಗೋಧಿ ಹಿಟ್ಟು ಕಲಸಿ, ಮೇಜಿನ ಮೇಲೆ ಲಟ್ಟಿಸಿ, ಕೊಯ್ದು, ಒಂದೊಂದು ತುಂಡನ್ನೂ ಕಡ್ಡಿಗೆ ಸುತ್ತಿ ಮ್ಯಾಕರೋನಿ ಮಾಡುತ್ತಿದ್ದಳಂತೆ. ಮೇಲೆ ಟೊಮ್ಯಾಟೊದ ಗೊಜ್ಜು, ಅದರ ಮೇಲೆ ಕುರಿಹಾಲಿನ ಗಿಣ್ಣದಂಥದೇನೋ ಒಂದನ್ನು ತುರಿದು ಉದುರಿಸುವುದು. ಇಷ್ಟು ಹೇಳಿ ಮುಗಿಸಿದರೆ ಅದು ಬರೀ ಅಡಿಗೆಯ ಮಾತಾಗುತ್ತಿತ್ತು. ಕಾಕಾ ಅಲ್ಲಿಗೆ ನಿಲ್ಲಿಸುತ್ತಿರಲಿಲ್ಲ.

"ಮುದುಕ ಈ ಕಡೆ, ಮುದುಕಿ ಆ ಕಡೆ. ನಡುವ ಮೇಜು. ಆಕಿ ಅವನ ಎದುರಿಗೆ ಕೂತು ಉಣ್ಣೂದಷ್ಟ ಅಲ್ಲ, ಉಣ್ಣಾಕತ್ತಾಗ ಅವನ್ನ ಬೈತಿದ್ಲು. ಅಂವಾ ನಗತಿದ್ದ. ಎರಡೂ ಕೆಲಸ ಒಮ್ಮೆಲೆ ಮುಗೀತಿದ್ವು."

"ನಾವೇನ ಬೈಯಂಗಿಲ್ಲೇನು?" ಎಂದು ಅವ್ವ ಒಳಗಿನಿಂದ ಕೇಳುತ್ತಿದ್ದಳು. "ಬಡಿಸೂವಾಗ ಬೈತೀವಿ."

ನಮ್ಮಲ್ಲಿ ಮೊದಲು ಗಂಡಸರ ಪಂಕ್ತಿ, ಆಮೇಲೆ ಮಕ್ಕಳದು, ಎಲ್ಲ ಮುಗಿದು ಒಲೆ ಆರಿದ ಮೇಲೆ ಹೆಂಗಸರದು. ನಾನು ಬಿ.ಎ. ಮಾಡಿ ಬಂದ ಮೇಲೂ ಅವ್ವನ ಜೊತೆಗೇ ಉಣ್ಣುತ್ತಿದ್ದೆ. ಪುಣೆಯ ಹೆಣ್ಣುಮಕ್ಕಳ ವಸತಿಗೃಹದಲ್ಲಿ ನಾಲ್ಕು ವರ್ಷ ಕಳೆದಿದ್ದೆನೆಂದು ಜನ ನನ್ನಿಂದ ಏನೇನೋ ಕ್ರಾಂತಿಯನ್ನು ನಿರೀಕ್ಷಿಸಿದ್ದರು. ಆದರೆ ಆ ವಸತಿಗೃಹದಲ್ಲಿ ಗಂಡಸರೇ ಇಲ್ಲದ್ದರಿಂದ ಮೊದಲು ಯಾರು, ಆಮೇಲೆ ಯಾರು ಎಂಬ ಪ್ರಶ್ನೆ ಅಲ್ಲಿ ಎದ್ದೇ ಇರಲಿಲ್ಲ. ಅಡಿಗೆಮನೆಯ ಮೂಲೆಯಲ್ಲಿ ಅವ್ವನೂ ನಾನೂ ತಣ್ಣಗಾದ ಪಲ್ಯ ಹಂಚಿಕೊಂಡು ಉಣ್ಣುವ ಹೊತ್ತು ನನಗೆ ಇಷ್ಟವಾದದ್ದೇ. ಇಷ್ಟವಾದದ್ದೆಲ್ಲ ಸರಿಯೇ ಎಂದು ಮಾತ್ರ ಹೇಳಲಾರೆ.

ಮ್ಯಾಕರೋನಿ ಎಂದರೆ ಏನೆಂದು ನಮಗೆ ತಿಳಿಯದೆ ಇರಲಿಲ್ಲ. ಅಕ್ಕಲಕೋಟೆಯಲ್ಲಿ ಅಪ್ಪನ ಅಕ್ಕ ಇದ್ದಾಳೆ. ಅವಳನ್ನು ನಾವು ಆತ್ಯಾ ಎನ್ನುತ್ತೇವೆ. ಬೇಸಿಗೆ ರಜೆಗೆ ಅವಳ ಮನೆಗೆ ಹೋದರೆ ಅಂಗಳದ ತುಂಬ ಹಗ್ಗದ ಹೊರಸು, ಹೊರಸಿನ ಮೇಲೆ ಕೋಲು, ಕೋಲಿನ ಮೇಲೆ ಒಣಗುವ ಶಾವಿಗೆ. ಕಾಗೆ ಮತ್ತು ಮೇಕೆಗಳನ್ನು ಕಾಯುವುದು ನಮ್ಮ ಕೆಲಸ. ನಾವು ಕಾದದ್ದಕ್ಕಿಂತ ತಿಂದದ್ದೇ ಹೆಚ್ಚಾಗಿ, ಕಡೆಗೆ ಕಾಗೆಯೇ ಪರವಾಗಿಲ್ಲ ಎಂದು ಆತ್ಯಾ ನಮ್ಮನ್ನು ನೆರಳಿಗೆ ಅಟ್ಟುತ್ತಿದ್ದಳು. ಶಾವಿಗೆ ಮುಗಿದ ಮೇಲೆ ಲಗ್ನದ ಮನೆಗಳಿಗಾಗಿ ಗವಲಿ, ಫಣಿ ಮಾಡುವ ಕೆಲಸ. ಹಿಟ್ಟಿನ ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು ಅಕ್ಕಿಕಾಳಿನಷ್ಟು ಮಾಡಿದರೆ ಗವಲಿ. ಸಣ್ಣ ಬಿಲ್ಲೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡಿದರೆ ಮೈತುಂಬ ಗೆರೆಯೆದ್ದ ಫಣಿ. ನಾನು ಮಾಡಿದವನ್ನು ಆತ್ಯಾ ಬೇರೆ ತಟ್ಟೆಯಲ್ಲಿ ಎತ್ತಿಡುತ್ತಿದ್ದಳು. "ಇವು ಇರಲಿ, ಇರುವಿ ಮನಿ ಲಗ್ನಕ್ಕ ಆಗ್ತಾವು."

ಲಗ್ನದ ಗವಲಿಗೆ ಮುತ್ತೈದೆಯರೂ ಕನ್ಯೆಯರೂ ಮಾತ್ರ ಕೈ ಹಚ್ಚಬೇಕು. ಅದಕ್ಕೇ ಪಕ್ಕದ ಮನೆಯ ಗೋದಾವರಿ, ನಮ್ಮೆಲ್ಲರ ಗೋದಕ್ಕ, ನಡುವಿನ ಗಿಡ್ಡ ಗೋಡೆಯ ಆಚೆಗೇ ಕುಳಿತು ಪೋಥಿ ಓದಿ ಹೇಳುತ್ತಿದ್ದಳು. ಹತ್ತು ವರ್ಷಕ್ಕೆ ಲಗ್ನವಾಗಿ, ಗಂಡನ ಮನೆಯ ಹೊಸ್ತಿಲು ತುಳಿಯುವ ಮೊದಲೇ ಗಂಡ ಜ್ವರದಿಂದ ತೀರಿಕೊಂಡಿದ್ದ. ಅವನ ಮುಖ ನೆನಪಿಲ್ಲ, ಲಗ್ನದಲ್ಲಿ ಅವನು ಪೇಢೆ ಬೇಕೆಂದು ಅತ್ತದ್ದು ನೆನಪಿದೆ ಎನ್ನುತ್ತಿದ್ದಳು. ಅಣ್ಣ ಓದಿಸಿದ, ಟ್ರೇನಿಂಗು ಮುಗಿಸಿ ಅಲ್ಲಿಯೇ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಬಾಯಿಯಾದಳು. ಶಾಲೆಯಲ್ಲಿ ಮರಾಠಿಯನ್ನಷ್ಟೇ ಕಲಿಯುತ್ತಿದ್ದ ನನಗೆ ಕನ್ನಡ ಅಕ್ಷರ ಬಂದದ್ದು ಅವಳಿಂದ. ಮುರಿದ ಶಾವಿಗೆಯನ್ನು ನೀರಲ್ಲಿ ನೆನೆಸಿ, ಮಣೆಯ ಮೇಲೆ ಬಳುಕಿಸಿ ಅ, ಆ, ಇ ಎಂದು ಬರೆಸುತ್ತಿದ್ದಳು. ತಪ್ಪಿದರೆ ತಿಂದುಬಿಡಬೇಕು. ಹೀಗಾಗಿ ನಾನು ತಿಂದಷ್ಟು ಅಕ್ಷರ ನಮ್ಮ ಮನೆಯಲ್ಲಿ ಬೇರೆ ಯಾರೂ ತಿಂದಿಲ್ಲ.

ಒಮ್ಮೆ ಕಾಕಾ ಅಕ್ಕನನ್ನು ನೋಡಲು ಅಕ್ಕಲಕೋಟೆಗೆ ಬಂದವರು ಕಟ್ಟೆಯ ಮೇಲೆ ಕುಳಿತು ಎಂದಿನಂತೆ ಮ್ಯಾಕರೋನಿಯ ಪುರಾಣ ಬಿಚ್ಚಿದರು. ಗೋಡೆಯ ಆಚೆ ಗೋದಕ್ಕ ಕೇಳುತ್ತಿದ್ದಳು. ಕಡ್ಡಿಗೆ ಸುತ್ತುವ ಮಾತು ಬಂದೊಡನೆ ನಕ್ಕುಬಿಟ್ಟಳು.

"ಇದನ್ನ ನೋಡಾಕ ಅಷ್ಟ ದೂರ ಹೋಗಿದ್ರ್ಯಾ? ನಿಮ್ಮ ಅಕ್ಕನ ಕಪಾಟ ತಗದಿದ್ರ ಸಿಗತಿತ್ತು."

"ಅದು ಬ್ಯಾರೇರಿ. ರುಚಿ ನೋಡಿದ್ರ ಗೊತ್ತಾಗತೈತಿ."

"ಹಂಗಾದ್ರ ಒಮ್ಮೆ ತಿನ್ನಿಸ್ರಿ, ನೋಡೂಣು."

ಗೋದಕ್ಕ ಹಾಗೆ ಹೇಳಿ ಶಾಲೆಗೆ ಹೊರಟುಹೋದಳು. ಕಾಕಾ ಮಾತ್ರ ಆ ಮಾತನ್ನು ಸೊಲ್ಲಾಪುರಕ್ಕೆ ಕಟ್ಟಿಕೊಂಡು ಬಂದರು. ಆಮೇಲೆ ಗುರುವಾರ ಗುರುವಾರ ಅಕ್ಕಲಕೋಟೆಗೆ ಸ್ವಾಮಿಗಳ ದರ್ಶನಕ್ಕೆ ಹೋಗುವ ಪದ್ಧತಿ ಸುರುವಾಯಿತು. "ದತ್ತೂಗ ಇತ್ತಿತ್ಲಾಗ ಭಕ್ತಿ ಭಾಳ ಆಗೇತಿ" ಎಂದು ಅಪ್ಪ ಕನ್ನಡಕ ಒರೆಸುತ್ತ ಹೇಳಿದರು. ಅಪ್ಪ ಕೋರ್ಟಿನಲ್ಲಿ ಶಿರಸ್ತೇದಾರರು. ಸಾಕ್ಷಿ ಇಲ್ಲದೆ ಇದಕ್ಕಿಂತ ಹೆಚ್ಚು ಹೇಳುವವರಲ್ಲ.

ಆ ಹೊತ್ತಿಗೆ ನಾವು ಊರೊಳಗಿನ ಓಣಿ ಬಿಟ್ಟು ರೈಲುಹಳಿಯ ಆಚೆಗಿನ ಹೊಸ ಸೊಸೈಟಿಗೆ ಬಂದಿದ್ದೆವು. ಸೊಸೈಟಿ ಎಂಬ ಹೆಸರು ಮೊದಲು ಬಂತು, ಮನೆಗಳು ಆಮೇಲೆ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಇದು ರಸ್ತೆ, ಇದು ಹೂವಿನ ಬಾಗು, ಇದು ಮಕ್ಕಳು ಆಡುವ ಜಾಗ ಎಂದು ಗುರುತು ಹಾಕಿದ್ದರು. ಮಳೆ ಬಂದು ರಸ್ತೆಯೂ ಬಾಗೂ ಒಂದಾದವು. ಮುಂಜಾನೆ ಗಿರಣಿಯ ಭೋಂಗಾದ ಕೂಗು ಇಲ್ಲಿಗೆ ಕೇಳಿಸುವಾಗ ಅರ್ಧ ದಣಿದಿರುತ್ತಿತ್ತು. ಕಟ್ಟದ ಪ್ಲಾಟುಗಳಲ್ಲಿ ಹುಲ್ಲು ಬೆಳೆದರೆ ವಾಗದರಿಯ ಕಡೆಯ ಕುರುಬರು ಹಿಂಡು ತಂದು ಇಳಿಸುತ್ತಿದ್ದರು. ಕಾಕಾ ಅವರಲ್ಲೊಬ್ಬನ ಹತ್ತಿರ ಹೋಗಿ, ಗಿಣ್ಣ ಮಾಡಲು ಕುರಿಹಾಲು ಕೇಳಿದ್ದು ಸೊಸೈಟಿಗೆಲ್ಲ ಗೊತ್ತಾಯಿತು.

"ಕುರಿ ಹಾಲ ಮರಿಗಿ ಬೇಕ್ರೀ ಸಾಹೇಬ್ರ," ಎಂದಿದ್ದ ಆ ಮುದುಕ. "ಬೀರಪ್ಪ ದೇವ್ರು ಮೆಚ್ಚತಾನೇನು? ನಿಮಗ ಹಲ್ಲ ಬಂದಾವಲ್ಲ, ರೊಟ್ಟಿ ತಿನ್ರಿ."

ಕುರಿಹಾಲಿನ ಪ್ರಯತ್ನ ಅಲ್ಲಿಗೆ ಮುಗಿಯಿತು. ಮ್ಯಾಕರೋನಿಯ ಪ್ರಯತ್ನ ಮುಗಿಯಲಿಲ್ಲ. ಒಂದು ರವಿವಾರ ಕಾಕಾ ನನ್ನನ್ನು ಬಾವಿಯ ಕಟ್ಟೆಯ ಹತ್ತಿರ ಕರೆದರು.

"ಬಿ.ಎ. ಬಾಯಿ, ನಿನ್ನಿಂದ ಒಂದ ಕೆಲಸ ಆಗಬೇಕು. ಗೋದಾವರಿಬಾಯಿನ್ನ ಒಂದ ದಿನ ಊಟಕ್ಕ ಕರಕೊಂಡ ಬಾ. ಹೊಟೆಲಿಗೆ."

ನಾನು ಸುಮ್ಮನಿದ್ದೆ. ನನ್ನ ಸುಮ್ಮನಿರುವಿಕೆಯನ್ನು ಜನ ತಿಳುವಳಿಕೆ ಎಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಗಾಬರಿ.

ಕಾಕಾ ಒಂದೊಂದಾಗಿ ಹೇಳಿದರು. ಅವರು ಲಗ್ನದ ಮಾತಿಗಾಗಿ ಗೋದಕ್ಕನ ಅಣ್ಣನನ್ನು ಕಂಡು ಬಂದಿದ್ದರು. "ಆಕಿ ಮನಸಿದ್ರ ನಾ ಅಡ್ಡ ಬರಂಗಿಲ್ಲ. ಆದ್ರ ಆಕಿನ್ನ ಕೇಳೂದು ನನ್ನಿಂದ ಆಗೂದಿಲ್ಲ" ಎಂದಿದ್ದ ಅಣ್ಣ. ಅಪ್ಪ, "ನನಗ ಏನೂ ಗೊತ್ತಿಲ್ಲ ಅಂತ ತಿಳಕೊ" ಎಂದಿದ್ದರು. ಅವರ ಮಟ್ಟಿಗೆ ಅದು ಆಶೀರ್ವಾದ. ಅವ್ವ ಹೇಳಿದ್ದು ಇದು: "ಬ್ಯಾಡ ಅನ್ನಂಗಿಲ್ಲ, ಹೂಂ ಅಂತನೂ ಅನ್ನಂಗಿಲ್ಲ. ಕೇಳೂದೇನಿದ್ರೂ ನನ್ನ ಅಡಿಗಿಮನ್ಯಾಗ ಬ್ಯಾಡ." ಹೀಗೆ ಯಾರೂ ಬೇಡ ಎನ್ನದೆ, ಯಾರ ಮನೆಯಲ್ಲೂ ಜಾಗವಿಲ್ಲದೆ, ಕಾಕಾ ಹೊಟೆಲಿಗೆ ಬಂದು ನಿಂತಿದ್ದರು.

"ಊಟ ಯಾಕ್ರಿ ಕಾಕಾ? ಸುಮ್ಕ ಕೇಳಬಾರದಾ?"

"ಸುಮ್ಕ ಕೇಳಿದ್ರ ಆಕಿ ಹೂಂ ಅಂದಾಳು. ಅಣ್ಣನ ಮನ್ಯಾಗ ಎಷ್ಟ ದಿವಸ ಇರೂದು ಅಂತ ಹೂಂ ಅಂದಾಳು. ನನ್ನ ಹಿಂದ ಸೌಟ ಹಿಡಕೊಂಡ ನಿಂದರಾಕ ಒಬ್ಬಾಕಿ ಬ್ಯಾಡ ನನಗ. ಅದಕ್ಕ ನಿಮ್ಮವ್ವ ಇದ್ದಾಳ." ಒಂದು ಹರಳು ಎತ್ತಿ ಬಾವಿಗೆ ಹಾಕಿದರು. ಅದು ನೀರಿಗೆ ಬಿದ್ದ ಸಪ್ಪಳ ಬರುವವರೆಗೆ ತಡೆದು ಹೇಳಿದರು. "ನನ್ನ ಎದುರಿಗೆ ಕೂತು, ನನ್ನ ಜೋಡಿನ ಆಕಿ ಉಂಡ್ಲು ಅಂದ್ರ, ನಾ ಕೇಳ್ತೀನಿ. ಉಣ್ಣಲಿಲ್ಲ ಅಂದ್ರ ಕೇಳಂಗಿಲ್ಲ. ಇನ್ನ ಯಾವತ್ತೂ ಕೇಳಂಗಿಲ್ಲ."

ಲಗ್ನವಿಲ್ಲದೆ ನಲವತ್ತು ದಾಟಿದ ಮನುಷ್ಯ, ಜೀವನದ ಪ್ರಶ್ನೆಯನ್ನು ಒಂದು ತುತ್ತಿನ ಮೇಲೆ ಇಡುವುದೇ ಎಂದು ನನಗೆ ಅನ್ನಿಸಿತು. ಆದರೆ ಅವರ ಮುಖ ನೋಡಿ ತರ್ಕಶಾಸ್ತ್ರ ಬಾಯಿಗೆ ಬರಲಿಲ್ಲ. ಊರೊಳಗಿನ ಹೊಟೆಲು ಬೇಡ, ಅಲ್ಲಿ ಗುರುತಿನವರು ಇಲ್ಲದ ಟೇಬಲ್ಲೇ ಇಲ್ಲ. ಸೊಸೈಟಿಯ ಕಡೆಯೇ ಆಗಬೇಕು, ಇಲ್ಲಿ ಯಾರಿಗೆ ಯಾರೂ ಇನ್ನೂ ಸರಿಯಾಗಿ ಪರಿಚಯವಾಗಿಲ್ಲ. ಮತ್ತೆ ಮ್ಯಾಕರೋನಿಯೇ ಆಗಬೇಕು, ಯಾಕೆಂದರೆ ಗೋದಕ್ಕ ತಿನ್ನಿಸಿರಿ ಎಂದಿದ್ದಳು.

ಹೀಗೆ ನಾವು ಹುಡುಕಲು ಹೊರಟೆವು. ಹೊಸದಾಗಿ ಬೆಳೆಯುವ ಬಡಾವಣೆಯಲ್ಲಿ ದೇವಸ್ಥಾನಕ್ಕಿಂತ ಮೊದಲು ಹೊಟೆಲು ಹುಟ್ಟುತ್ತದೆ. ಗೌಂಡಿಗಳಿಗೆ ಚಹಾ ಬೇಕು. ಬಸ್ಸು ನಿಲ್ಲುವಲ್ಲಿ ಒಂದು ಉಡುಪಿ ಹೊಟೆಲು ಬಂದಿತ್ತು. ತೊಳೆದ ನೆಲ, ಊದುಬತ್ತಿ, ಗಲ್ಲಾಪೆಟ್ಟಿಗೆಯ ಮುಂದೆ ಹಣೆಗೆ ಗಂಧ ಹಚ್ಚಿಕೊಂಡ ಯಜಮಾನರು. ಮ್ಯಾಕರೋನಿ ಎಂದರೆ ಏನೆಂದು ಅವರಿಗೆ ತಿಳಿದಿರಲಿಲ್ಲ; ಹೇಳಿದರೆ ಮಾಡಿಸುವೆನೆಂದರು. ಆದರೆ ಹೆಂಗಸರಿಗೆ ಹಸಿರು ಪರದೆಯ ಒಳಗೆ, ಗಂಡಸರಿಗೆ ಹೊರಗೆ.

"ಕೂಡಿ ಕುಳಿತುಕೊಳ್ಳುವುದಾದರೆ ಗಂಡ ಹೆಂಡತಿ ಆಗಿರಬೇಕು ಮಾರಾಯ್ರೆ" ಎಂದರು ಯಜಮಾನರು.

"ಅದನ್ನ ಕೇಳಾಕ ಕೂಡಬೇಕಾಗೇತ್ರೀ" ಎಂದರು ಕಾಕಾ.

ಯಜಮಾನರು ನನ್ನನ್ನೂ ಕಾಕಾನನ್ನೂ ನೋಡಿ ಮುಖ ಕೆಂಪಗೆ ಮಾಡಿಕೊಂಡರು. "ನಾನು ಇವರ ಅಣ್ಣನ ಮಗಳು" ಎಂದು ನಾನು ಸ್ಪಷ್ಟವಾಗಿ, ಅಗತ್ಯಕ್ಕಿಂತ ಗಟ್ಟಿಯಾಗಿ ಹೇಳಿದೆ. ಉಪ್ಪಿಟ್ಟು ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು.

ನೀರಿನ ಟಾಕಿಯ ಬಳಿ ಇನ್ನೊಂದಿತ್ತು. ಮುಂಬಯಿಯಲ್ಲಿದ್ದು ಬಂದವನ ಹೊಟೆಲು, ಗೋಡೆಗೆಲ್ಲ ಕನ್ನಡಿ. ಅವನಿಗೆ ಎಲ್ಲ ಗೊತ್ತಿತ್ತು. ಇಟಾಲಿಯನ್, ಫ್ರೆಂಚ್, ಬೇಕಾದರೆ ರಶಿಯನ್. ನಾವು ರುಚಿ ನೋಡಲೆಂದು ಕುಳಿತೆವು. ಬಹಳ ಹೊತ್ತಿನ ಮೇಲೆ ಬಂದದ್ದು ಬೇಯಿಸಿದ ಶಾವಿಗೆ. ಮೇಲೆ ಸಕ್ಕರೆ, ಅದರ ಮೇಲೆ ಒಂದು ಚೆರಿ ಹಣ್ಣು. "ಇಟಲಿದಾಗ ಇದನ್ನ ಹಿಂಗ ತಿಂತಾರು" ಎಂದು ಅವನು ಇಟಲಿ ಕಂಡು ಬಂದ ಮನುಷ್ಯನಿಗೆ ತಿಳಿಸಿದ. ಕಾಕಾ ಪೂರ್ತಿ ತಿಂದು, ಚೊಲೋ ಐತಿ ಎಂದು ಹೇಳಿ ಹೊರಗೆ ಬಂದರು. ಸುಳ್ಳು ಯಾಕೆ ಹೇಳಿದಿರಿ ಎಂದರೆ, "ಆ ಹಣ್ಣ ಅಂವಾ ಎಷ್ಟ ಜ್ವಾಕಿಲೆ ಇಟ್ಟಿದ್ದ, ನೋಡಿದಿಲ್ಲೋ?" ಎಂದರು. ಕಾಕಾನ ಬಗ್ಗೆ ಗೋದಕ್ಕನಿಗೆ ಹೇಳಬೇಕಾದದ್ದು ಏನಾದರೂ ಇದ್ದರೆ ಇದನ್ನು ಹೇಳಬೇಕು ಎಂದು ನಾನು ಮನಸ್ಸಿನಲ್ಲಿ ಗುರುತು ಮಾಡಿಕೊಂಡೆ. ಹೇಳಲಿಲ್ಲ. ಇಂಥ ಮಾತು ನನ್ನ ಬಾಯಿಂದ ಹೊರಡುವುದೇ ಇಲ್ಲ.

ಈ ನಡುವೆ ನಾನು ಕಲಿಸುವ ಶಾಲೆಯಲ್ಲಿ ಮುಖ್ಯಾಧ್ಯಾಪಕಿಯವರು ನನ್ನನ್ನು ಕರೆಸಿ, ಮನೆಯಲ್ಲಿ ಅಡಿಗೆಗೇನಾದರೂ ತೊಂದರೆಯೇ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಬಾಯಿಯವರು ರವಿವಾರ ರವಿವಾರ ಹೊಟೆಲು ಹೊಟೆಲು ಅಡ್ಡಾಡುತ್ತಾರೆಂಬ ಸುದ್ದಿ ಅವರಿಗೆ ಮುಟ್ಟಿತ್ತು. ಸೊಸೈಟಿಯಲ್ಲಿ ಯಾರಿಗೆ ಯಾರೂ ಪರಿಚಯವಿಲ್ಲ ಎಂಬ ಕಾಕಾನ ಲೆಕ್ಕಾಚಾರ ಅಲ್ಲಿಗೆ ತಪ್ಪಿತು.

ಕಡೆಗೆ ಸಿಕ್ಕದ್ದು ರೇಲ್ವೆ ಕ್ವಾರ್ಟರ್ಸಿನ ಬೆನ್ನಿಗೆ, ತಗಡಿನ ಮಾಡಿನ ಒಂದು ಸಣ್ಣ ಹೊಟೆಲು. ಹೆಸರಿನ ಹಲಗೆಯೂ ಇರಲಿಲ್ಲ. ನಡೆಸುವವನು ಗೋವೆಯ ಕಡೆಯ ಮುದುಕ, ಪೆದ್ರು. ಹರೆಯದಲ್ಲಿ ಹಡಗಿನ ಅಡಿಗೆಮನೆಯಲ್ಲಿದ್ದವನು. ಇಂಜಿನ್ ಓಡಿಸುವವರಿಗೆ ಪಾವು, ಆಮ್ಲೆಟು ಮಾಡಿಕೊಡುತ್ತಿದ್ದ. ಕಾಕಾ ಮ್ಯಾಕರೋನಿ ಎಂದೊಡನೆ ಅವನು ಕೈಯೊಳಗಿನ ಸೌಟು ಕೆಳಗಿಟ್ಟ. ಅವನು ಮರಾಠಿಯಲ್ಲಿ, ಕಾಕಾ ನಡುನಡುವೆ ಕನ್ನಡ ಸೇರಿಸಿ, ಇಬ್ಬರೂ ಜಿನೋವಾ ಬಂದರಿನ ಮಾತಿಗೆ ಬಿದ್ದರು. ನಾನು ಎಣ್ಣೆಬಟ್ಟೆ ಹಾಸಿದ ಮೇಜುಗಳನ್ನು ನೋಡಿದೆ. ಪರದೆ ಇರಲಿಲ್ಲ. ಕಿಟಕಿಯ ಹೊರಗೆ ಹಳಿ, ಹಳಿಯ ಆಚೆ ಬಯಲು. ಮಧ್ಯಾಹ್ನ ಮೂರರ ಹೊತ್ತಿಗೆ ಅಲ್ಲಿ ಯಾರೂ ಬರುವುದಿಲ್ಲವಂತೆ.

"ಗೊಜ್ಜು ನಾ ಮಾಡ್ತೋ ಸಾಹೇಬ, ಬೇರೆ ಪಾತ್ರೆದಾಗ, ಪೂರಾ ಶಾಕಾಹಾರಿ" ಎಂದ ಪೆದ್ರು, ನಮ್ಮ ಸಲುವಾಗಿ ಎರಡು ಭಾಷೆ ಬೆರೆಸಿ. "ಪಣ ಮ್ಯಾಕರೋನಿ ಎಲ್ಲೈತಿ? ಮುಂಬಯಿಹೂನ ಡಬಾ ಬರಬೇಕು."

ಮುಂಬಯಿಯ ತನಕ ಹೋಗಬೇಕಾಗಲಿಲ್ಲ. ನಾನು ಅಕ್ಕಲಕೋಟೆಗೆ ಹೋಗಿ ಆತ್ಯಾಳನ್ನು ಫಣಿ ಕೇಳಿದೆ. ಯಾಕೆ ಎಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕಪಾಟಿನಿಂದ ದೊಡ್ಡ ಡಬ್ಬಿಯೊಂದನ್ನು ಇಳಿಸಿ ನನ್ನ ಮುಂದಿಟ್ಟಳು.

"ನಿನ್ನ ಲಗ್ನಕ್ಕಂತ ಮಾಡಿ ಇಟ್ಟಿದ್ದೆ. ನೀ ಓದಿಕೋತ ಕುಂತಿ, ಇವು ಹುಳ ಹಿಡಿಯೂ ಹೊತ್ತಾತು. ಒಯ್ಯ ಅತ್ಲಾಗ, ಯಾರದರ ಕೆಲಸಕ್ಕ ಬರಲಿ." ಆಮೇಲೆ ಡಬ್ಬಿಯ ಮುಚ್ಚಳ ಒತ್ತುತ್ತ, ನನ್ನ ಕಡೆ ನೋಡದೆ, "ದತ್ತೂಗ ಹೇಳು, ಮೆತ್ತಗ ಕುದಸಬ್ಯಾಡ ಅಂತ" ಎಂದಳು.

ಗೋದಕ್ಕ ಬರಲು ಒಪ್ಪಿದಳು. ಸೊಲ್ಲಾಪುರದಲ್ಲಿ ಅವಳಿಗೆ ಕನ್ನಡಕದ ಕೆಲಸವಿತ್ತು. ಊಟ ಎಲ್ಲಿ, ಯಾರ ಜೊತೆ ಎಂದು ಮುಚ್ಚಿಡದೆ ಹೇಳಿದೆ. ಕಾಕಾನ ಪಂಥದ ಮಾತು ಮಾತ್ರ ಹೇಳಲಿಲ್ಲ, ಅದು ಅವರಿಬ್ಬರದು. ಮಾಡುವವನು ಕಿರಿಸ್ತಾನರವನು ಎಂದೂ ಹೇಳಿದೆ. "ಇರಲಿ ಬಿಡು. ಸಾಲ್ಯಾಗ ಎಲ್ಲಾ ಹುಡುಗ್ಯಾರ ಡಬ್ಬಿ ಒಳಗಿಂದೂ ತಿಂದೀನಿ, ನನ್ನ ಜಾತಿ ಎಂದೋ ಹಂಚಿ ಹೋಗೇತಿ" ಎಂದಳು. ಬೂದಿ ಬಣ್ಣದ ಸೀರೆಯ ಸೆರಗನ್ನು ಎರಡೂ ಭುಜಕ್ಕೆ ಹೊದ್ದು, ಬಸ್ಸಿನಲ್ಲಿ ಕಿಟಕಿಯ ಕಡೆ ಕುಳಿತು, ದಾರಿಯುದ್ದಕ್ಕೂ ಶಾಲೆಯ ಮಾತನ್ನೇ ಆಡಿದಳು. ಅವಳ ಕೈ ಮಾತ್ರ ಚೀಲದ ಹಿಡಿಯನ್ನು ಸುತ್ತುವುದು, ಬಿಚ್ಚುವುದು ಮಾಡುತ್ತಿತ್ತು.

ಕಾಕಾ ಮೊದಲೇ ಬಂದು ಕುಳಿತಿದ್ದರು. ಇಸ್ತ್ರಿ ಮಾಡಿದ ಕೋಟು. ಮೇಜಿನ ಮೇಲೆ ಫೌಜಿನ ಮುಳ್ಳುಚಮಚಗಳು, ಒರೆಸಿ ಒರೆಸಿ ಬೆಳ್ಳಗಾದವು. ಗೋದಕ್ಕ ಅವರ ಎದುರಿಗೆ ಕುಳಿತಳು, ನಾನು ಮೇಜಿನ ಅಡ್ಡ ಬದಿಗೆ. ಪೆದ್ರು ಮೂರು ಪಿಂಗಾಣಿ ತಟ್ಟೆ ತಂದಿಟ್ಟ. ಕೆಂಪು ಗೊಜ್ಜಿನಲ್ಲಿ ಫಣಿಗಳು ಗೆರೆ ಗೆರೆಯಾಗಿ ಹೊಳೆಯುತ್ತಿದ್ದವು. ಬೆಳ್ಳುಳ್ಳಿಯ ವಾಸನೆ, ಮೇಲೆ ಎಂಥದೋ ಹಸಿರು ಎಲೆ. ನನ್ನ ಲಗ್ನ ಇಷ್ಟು ಚೆನ್ನಾಗಿ ಕಂಡೀತೆಂದು ನಾನೇ ಎಣಿಸಿರಲಿಲ್ಲ.

ಗೋದಕ್ಕ ಬಾಗಿ ನೋಡಿದಳು. "ಇವು ಆತ್ಯಾನ ಕೈಯಾಗಿನವು."

"ಹೂಂ" ಎಂದೆ.

"ಮತ್ತ ಇಟಾಲಿಯನ್ ಯಾವುದ್ರಿ?" ಎಂದು ಕಾಕಾನನ್ನು ಕೇಳಿದಳು.

"ಗೊಜ್ಜು" ಎಂದರು ಕಾಕಾ. "ಮತ್ತ ಮೇಜು."

ಅವಳು ನಕ್ಕಳು. ಕಾಕಾನ ಹಣೆಯ ಮೇಲಿನ ಗೆರೆ ಸಡಿಲಾಯಿತು. ಎಲ್ಲ ಸರಿಯಾಯಿತು ಎಂದುಕೊಂಡೆ. ಆಮೇಲೆ ಯಾರೂ ಉಣ್ಣಲಿಲ್ಲ.

ಕಾಕಾ ಅವಳು ಸುರುಮಾಡಲಿ ಎಂದು ಕಾಯುತ್ತಿದ್ದರು. ಗೋದಕ್ಕ ಗಂಡಸರು ಮೊದಲು ಉಂಡು ಏಳಲಿ ಎಂದು ಕಾಯುತ್ತಿದ್ದಳು. ಹಿರಿಯರಿಬ್ಬರೂ ಕೈ ಹಾಕದ ಮೇಲೆ ನಾನು ಹೇಗೆ ಹಾಕಲಿ? ನನಗೆ ಹಸಿವಾಗಿತ್ತು.

"ಉಣ್ರಿ" ಎಂದಳು ಗೋದಕ್ಕ.

"ನೀವು ಸುರು ಮಾಡ್ರಿ."

"ಹೆಂಗಸರು ಮೊದಲ ಹ್ಯಾಂಗ ಮಾಡ್ತೀವ್ರಿ? ನೀವು ಉಣ್ರಿ."

"ಇಲ್ಲಿ ಪಂಕ್ತಿ ಇಲ್ರಿ. ಕೂಡೇ ಉಣ್ಣೂಣು."

"ಆತು, ನೀವು ಉಣ್ರಲಾ. ನಾ ಆಮ್ಯಾಲ ಉಣ್ತೀನಿ."

ಹಟದಿಂದ ಹೇಳಲಿಲ್ಲ. ತಾನು ಹುಟ್ಟಿದಾಗಿನಿಂದ ಕೇಳಿದ್ದನ್ನು, ನೀರು ಬೇಕೇ ಎಂದು ಕೇಳುವಷ್ಟು ಸಹಜವಾಗಿ ಹೇಳಿದಳು. ಪೆದ್ರು ಒಳಗಿನಿಂದ ಇಣುಕಿ, "ಥಂಡ ಹೋತಂಯ ಸಾಹೇಬ" ಎಂದ. ಒಂದು ಮಾಲಗಾಡಿ ಬಂತು. ಅದು ಬಹಳ ಉದ್ದವಿತ್ತು. ಅದರ ಸದ್ದು ಮುಗಿಯುವವರೆಗೆ ಕಾಕಾ ಮೇಜಿನ ಅಂಚನ್ನು ಹಿಡಿದುಕೊಂಡಿದ್ದರು. ಸದ್ದು ನಿಂತ ಮೇಲೆ ಅವರು ಗೋದಕ್ಕನ ತುಂಬಿದ ತಟ್ಟೆಯನ್ನೊಮ್ಮೆ ನೋಡಿ, ತಮ್ಮ ತಟ್ಟೆಗೆ ಕೈ ಹಾಕಿದರು. ಚಮಚ ಮರೆತೇ ಹೋಗಿತ್ತು. ಕೈಯಿಂದಲೇ, ತಲೆ ಎತ್ತದೆ, ಆಫೀಸಿಗೆ ಹೊತ್ತಾದವರಂತೆ ಉಂಡರು. ಕನ್ನಡಕದ ಅಂಗಡಿ ಎಲ್ಲಿ ಎಂದು ಕೇಳಿದರು. ಈ ಸಲ ಅಕ್ಕಲಕೋಟೆಗೆ ಮಳೆ ಹೇಗೆ ಎಂದು ಕೇಳಿದರು. ಕೇಳಬೇಕಾದದ್ದನ್ನು ಇನ್ನು ಕೇಳುವುದಿಲ್ಲವೆಂದು ನನಗೆ ಗೊತ್ತಾಯಿತು. ಅರ್ಧಕ್ಕಿಂತ ಹೆಚ್ಚು ತಟ್ಟೆಯಲ್ಲೇ ಬಿಟ್ಟು, "ಕೈ ತೊಳಕೊಂಡ ಬರ್ತೀನಿ" ಎಂದು ಹಿತ್ತಲ ನಲ್ಲಿಯ ಕಡೆ ಹೋದರು.

ನಾನು ಗೋದಕ್ಕನಿಗೆ ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಮಾತು ಹೇಗೆ ಸುರುಮಾಡುವುದೆಂದು ಯೋಚಿಸುತ್ತಿರುವಾಗಲೇ ಅವಳು ತನ್ನ ತುಂಬಿದ ತಟ್ಟೆಯನ್ನು ನನ್ನ ಕಡೆ ಸರಿಸಿದಳು. ಆಮೇಲೆ ಎದುರಿಗೆ ಕೈ ಚಾಚಿ, ಕಾಕಾ ಬಿಟ್ಟೆದ್ದ ತಟ್ಟೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡಳು.

"ಗೋದಕ್ಕಾ, ಅದು ಅವರ ಎಂಜಲ."

"ಗೊತ್ತೈತಿ."

ಹೆಂಡತಿಯರು ಗಂಡ ಉಂಡ ಎಲೆಯಲ್ಲಿ ಉಣ್ಣುವುದನ್ನು ನಾನು ಎಷ್ಟು ಕಂಡಿಲ್ಲ? ಕಾಲೇಜಿನಲ್ಲಿ ಅದರ ವಿರುದ್ಧ ಭಾಷಣವನ್ನೂ ಮಾಡಿದ್ದೆ, ಬಹುಮಾನ ಬಂದಿರಲಿಲ್ಲ. ಆದರೆ ಯಾರ ಎಲೆಯೂ ನಿನ್ನದಲ್ಲ ಎಂದು ಜಗತ್ತಿನಿಂದೆಲ್ಲ ಹೇಳಿಸಿಕೊಂಡ ಹೆಂಗಸೊಬ್ಬಳು, ಯಾರೂ ಕೊಡದೆ ತಾನೇ ಎಳೆದುಕೊಂಡದ್ದನ್ನು ಕಂಡಿರಲಿಲ್ಲ. ಅದಕ್ಕೆ ನನ್ನ ಭಾಷಣದಲ್ಲಿ ಜಾಗವೂ ಇರಲಿಲ್ಲ.

"ಯಾರೂ ನನಗ ಹಿಂಗ ಉಣ್ಣು ಅಂತ ಹೇಳಿಲ್ಲ" ಎಂದಳು ಗೋದಕ್ಕ, ಒಂದು ಫಣಿಯನ್ನು ಗೊಜ್ಜಿನಲ್ಲಿ ಹೊರಳಿಸುತ್ತ. "ಅದಕ್ಕ ನಾನ ಉಣ್ಣಾಕತ್ತೀನಿ. ನೀನೂ ಉಣ್ಣು, ಎರಡ ತಟ್ಟಿ ಅದಾವು. ನೋಡಕೋತ ಕೂಡಬ್ಯಾಡ."

ಕಾಕಾ ಒದ್ದೆ ಕೈ ಹಿಡಿದು ಬಾಗಿಲಲ್ಲಿ ನಿಂತರು. ತಮ್ಮ ಕುರ್ಚಿಯ ಮುಂದೆ ಬರಿದಾದ ಮೇಜು, ತಮ್ಮ ತಟ್ಟೆ ಅವಳ ಮುಂದೆ. ತಮ್ಮ ಎಂಜಲನ್ನು ಯಾವ ಹೆಂಗಸೂ ತಿನ್ನಬಾರದೆಂದು ಇಷ್ಟೆಲ್ಲ ಮಾಡಿದ ಮನುಷ್ಯ. ಬೇಡ ಎನ್ನಲು ಬಾಯಿ ತೆರೆದರು. ಅವಳು ತಲೆ ಎತ್ತಿ ನೋಡಿದಳು. ಅವರು ಬಂದು ಕುರ್ಚಿ ಎಳೆದು ಕುಳಿತರು. ತೊಳೆದ ಕೈಯನ್ನು ಮತ್ತೆ ಅದೇ ತಟ್ಟೆಗೆ, ಆ ಕಡೆಯ ಅಂಚಿಗೆ ಹಾಕಿ ಒಂದು ಫಣಿ ಎತ್ತಿಕೊಂಡರು. ಅವಳು ತಟ್ಟೆಯನ್ನು ನಡುಮಧ್ಯಕ್ಕೆ ಸರಿಸಿದಳು. ಇಬ್ಬರೂ ಉಣ್ಣತೊಡಗಿದರು.

ನಾನು ನನ್ನ ಎರಡು ತಟ್ಟೆಗಳ ಮೇಲೆ ತಲೆ ತಗ್ಗಿಸಿದೆ. ಇಂಥದನ್ನು ನೋಡುವುದು ಸರಿಯಲ್ಲ. ಕಿವಿಗೆ ಮಾತ್ರ ಏನು ಮಾಡಲಿ?

"ಹಂಗಾದ್ರ..." ಎಂದರು ಕಾಕಾ. "ಕೇಳ್ಲೇನ್ರಿ?"

"ಬಾಯಾಗ ತುತ್ತೈತಿ" ಎಂದಳು ಗೋದಕ್ಕ. "ಮೊದಲ ಉಪ್ಪ ಕೊಡ್ರಿ. ಸಪ್ಪಗೈತಿ ನಿಮ್ಮ ಇಟಲಿ."

ಉಪ್ಪಿನ ಬಟ್ಟಲು ನನ್ನ ಹತ್ತಿರವಿತ್ತು. ನಾನು ಎತ್ತಿಕೊಡುವಷ್ಟರಲ್ಲಿ ಕಾಕಾ ನನ್ನ ಕೈಯಿಂದ ಅದನ್ನು ಕಸಿದುಕೊಂಡು, ತಾವೇ ಕೊಟ್ಟರು.